ಹದಕ್ಕೆ ಕಾದ ಕಾಗದ

ನನಗೊಬ್ಬಳಿಗೆ ಎರಡು ರೊಟ್ಟಿ ಸಾಕೆಂದು ಹಿಟ್ಟು ನಾದುತ್ತಿದ್ದೆ. ಪಕ್ಕದ ಮನೆಯ ಕೊಟ್ರಮ್ಮ ಬಾಗಿಲಲ್ಲೇ ನಿಂತು ಕೇಳಿದಳು: “ಸೊರಬದ ತಂಗಿಗೆ ಕಾಗದ ಹಾಕಿದ್ರೇನ್ರೀ?”

“ಮನಸ್ಸು ಇನ್ನೂ ಹದಕ್ಕೆ ಬಂದಿಲ್ಲ ಕಣೇ.”

“ಹಿಟ್ಟಿನ ಹದ ಗಳಿಗೇಲಿ ಬರ್ತೈತಿ. ಮಳೆ ಬಿದ್ರೆ ಹೊಲಕ್ಕೆ ಹದ, ಕುಲುಮೇಲಿ ಕುಡುಗೋಲಿಗೆ ಹದ. ನಿಮ್ಮ ಹದಕ್ಕೆ ಆರು ವರ್ಷ ಸಾಲ್ದೇನ್ರೀ? ನಿಮ್ಮ ತಂಗಿಗೂ ಎಪ್ಪತ್ತಾತು.”

ಅವ್ವನನ್ನು ಮಣ್ಣು ಮಾಡುವ ದಿನ, ಸೊರಬದ ಬಸ್ಸು ಬರಲಿ, ತಂಗಿ ಮುಖ ನೋಡಲಿ ಎಂದು ಹಿರಿಯರಿಗೆ ನಾನು ಹೇಳಲಿಲ್ಲ. ಅವಳು ಬಂದಾಗ ಗುಂಡಿ ಮುಚ್ಚಿಯಾಗಿತ್ತು. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ತಪ್ಪು ನನ್ನದೆಂದು ಬರೆದ ಕಾಗದ ಟ್ರಂಕಿನಲ್ಲೇ ಇತ್ತು.

ಕೈ ತೊಳೆದು ಅದನ್ನು ತೆಗೆದೆ. ಅಂಚೆ ಡಬ್ಬಿಯ ಮುಂದೆ ನಿಂತಾಗಲೂ ಜೀವ ಅಳುಕುತ್ತಿತ್ತು. ಆದರೂ ಹಾಕಿದೆ.