ಡ್ರಿಲ್ ಮೇಷ್ಟರ ಹುಬ್ಬು

ನಮ್ಮ ಪ್ರಾಥಮಿಕ ಶಾಲೆಯಲ್ಲಿ ಡ್ರಿಲ್ ಮಾಡಿಸುವವನು ನಾನು. ಕೂತು ಮಾಡಿಸುತ್ತೇನೆ. ವರಾಂಡದ ಮೂಲೆಯಲ್ಲಿ ನನ್ನದೊಂದು ಕುರ್ಚಿಯಿದೆ. ನಾನೂ ಅದೂ ಒಬ್ಬರಿಗೊಬ್ಬರು ಒಗ್ಗಿಹೋಗಿದ್ದೇವೆ. ಮೊದಮೊದಲು ‘ಕೈ ಮೇಲೆ, ಕೈ ಕೆಳಗೆ’ ಎಂದು ಬಾಯಿಬಿಟ್ಟು ಹೇಳುತ್ತಿದ್ದೆ. ಬರಬರುತ್ತಾ ಅದೂ ಬೇಡವಾಯಿತು. ನಾನು ಹುಬ್ಬೆತ್ತಿದರೆ ಮಕ್ಕಳ ಕೈ ಮೇಲೆ, ಇಳಿಸಿದರೆ ಕೆಳಗೆ. ಒಮ್ಮೆ ನನ್ನ ಹುಬ್ಬಿನ ಮೇಲೆ ನೊಣವೊಂದು ಕೂತು, ಎದ್ದು, ಮತ್ತೆ ಕೂತು ಕಾಡಿದಾಗ ಮೂರನೇ ಕ್ಲಾಸು ಪೂರ್ತಿ ಬೆವೆತುಹೋಯಿತು. ವ್ಯಾಯಾಮವೆಂದರೆ ಅದು. ನಂಬದವರು ನೊಣವನ್ನೇ ಕೇಳಬಹುದು.

ಹೆಡ್‌ಮಿಸ್ ನಮ್ಮ ಅಕ್ಕ. ಒಡಹುಟ್ಟಿದವಳೇ, ಆದರೆ ಶಾಲೆಯ ಗೇಟು ದಾಟಿದೊಡನೆ ಅವಳಿಗೆ ಅದು ಮರೆತುಹೋಗುತ್ತದೆ. ಮಕ್ಕಳು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾರೆಂದು ಅಪ್ಪ ಅಮ್ಮಂದಿರು ಗಲಾಟೆ ಎಬ್ಬಿಸಿದ್ದೇ ತಡ, ಇನ್ನೊಬ್ಬ ಡ್ರಿಲ್ ಟೀಚರನ್ನು ತಂದು ನನ್ನ ಕುರ್ಚಿಯೆದುರು ನಿಲ್ಲಿಸಿದಳು. ಕಡ್ಡಿಯಂಥ ಹುಡುಗಿ. ಕೊರಳಲ್ಲಿ ಒಂದು ಸೀಟಿ ಕೂಡ ಇಲ್ಲ.

“ಅರ್ಧ ಕ್ಲಾಸುಗಳು ನಿಂಗೆ, ಅರ್ಧ ಇವಳಿಗೆ,” ಎಂದಳು ಅಕ್ಕ. “ಪರೀಕ್ಷೆ ಹೊತ್ತಿಗೆ ಯಾರ ಮಕ್ಕಳು ಚುರುಕಾಗಿರ್ತಾರೋ ಅವರು ಇಲ್ಲಿರ್ಲಿ. ಇನ್ನೊಬ್ರು ಮನೆಗೆ ಹೋಗ್ಲಿ.”

“ಅಕ್ಕಾ, ನಾನು ನಿನ್ನ ತಮ್ಮ ಕಣೇ.”

“ಅದಕ್ಕೇ ನೀನು ಇಷ್ಟು ದಿನ ಕೂತಿದ್ದೆ.”

ಅವತ್ತೇ ನನಗೆ ಹೊಸ ಟೀಚರ್ ಮೇಲೆ ಅನುಮಾನ ಹುಟ್ಟಿತು. ನೀವೇ ಹೇಳಿ, ಸೀಟಿಯಿಲ್ಲದೆ ಡ್ರಿಲ್ ಮಾಡಿಸುವುದು ಹೇಗೆ? ಅವಳ ಪೀರಿಯಡ್ಡಿನಲ್ಲಿ ಹಿಂಭಾಗದ ದೊಡ್ಡ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ‘ಒಂದು, ಎರಡು’ ಎನ್ನುವ ಸದ್ದಿಲ್ಲ, ಕಾಲು ಕುಟ್ಟುವ ಸದ್ದಿಲ್ಲ. ಹೋಗಿ ತಟ್ಟನೆ ಬಾಗಿಲು ತಳ್ಳಿದೆ. ಮಕ್ಕಳೆಲ್ಲ ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ತೊಳೆದಿಟ್ಟ ತಟ್ಟೆಗಳಂತೆ ಸಾಲಾಗಿ ಕೂತಿದ್ದವು. ಆದರೆ ಒಂದೊಂದರ ಮುಖದಲ್ಲೂ ಬೆವರು ಧಾರಾಕಾರ.

“ಏನಾದ್ರೂ ಬೇಕಿತ್ತಾ ಸಾರ್?” ಎಂದಳು ಟೀಚರ್.

“ಚಾಕ್‌ಪೀಸ್.”

“ಡ್ರಿಲ್‌ಗಾ?”

“ತಿನ್ನೋಕೆ. ಅಭ್ಯಾಸ.”

ನಾಲ್ಕನೇ ಕ್ಲಾಸಿನಲ್ಲಿ ಒಬ್ಬಳಿದ್ದಾಳೆ. ಇಟ್ಟಲ್ಲೇ ಇರುತ್ತಾಳೆಂದು ಎಲ್ಲರೂ ಅವಳನ್ನು ಕಪಾಟು ಎನ್ನುತ್ತಾರೆ. ಅವಳೂ ಕಲ್ಲಿನಂತೆ ಕೂತಿದ್ದಳು, ಆದರೆ ಅವಳ ಜಡೆ ಮಾತ್ರ ಇನ್ನೂ ಆಚೆ ಈಚೆ ತೂಗಾಡುತ್ತಿತ್ತು.

“ಏನೇ ಕಪಾಟು, ಏನ್ ಮಾಡ್ತಿದ್ರಿ?”

“ಕೂತಿದ್ವಿ ಸಾರ್.”

“ಮತ್ತೆ ಜಡೆ ಯಾಕೆ ಆಡ್ತಿದೆ?”

“ಅದಕ್ಕೆ ಕೂರೋದು ಇನ್ನೂ ಹೇಳ್ಕೊಟ್ಟಿಲ್ಲ ಸಾರ್.”

ಇದರಲ್ಲೇನೋ ಮಸಲತ್ತಿದೆ ಎಂಬುದು ಖಾತ್ರಿಯಾಯಿತು. ಮಕ್ಕಳನ್ನು ಬಿಸಿಲಿಗೆ ನಿಲ್ಲಿಸಿ, ಆಮೇಲೆ ಕೂರಿಸಿ, ಓಡಿ ಬೆವೆತಂತೆ ತೋರಿಸುತ್ತಿರಬೇಕು. ಅಥವಾ ಮುಖಕ್ಕೆ ನೀರು ಚಿಮುಕಿಸುತ್ತಿರಬೇಕು. ಒಂದು ಮಗುವಿನ ಹಣೆಯಿಂದ ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿ ನೋಡಿದೆ. ಉಪ್ಪಿತ್ತು. ಅಂದರೆ ನೀರಿಗೆ ಉಪ್ಪನ್ನೂ ಹಾಕುತ್ತಿದ್ದಾಳೆ! ಎಂಥ ಕಿಲಾಡಿ.

ಅವಳನ್ನು ಕೈಯಾರೆ ಹಿಡಿಯದಿದ್ದರೆ ನಾನೂ ನನ್ನ ಕುರ್ಚಿಯೂ ಬೀದಿಪಾಲು. ಅವಳ ಪೀರಿಯಡ್ ಶುರುವಾದರೆ ಚಪ್ಪಲಿ ಬಿಚ್ಚಿಟ್ಟು ಹೊರಡತೊಡಗಿದೆ. ಕಿಟಕಿಯ ಕೆಳಗೆ ತೆವಳಿಕೊಂಡು ಹೋದೆ. ಬೆಂಚಿನ ಮೇಲೆ ಬೆಂಚಿಟ್ಟು ಹತ್ತಿ ಗವಾಕ್ಷಿಯಲ್ಲಿ ಇಣುಕಿದೆ. ಕೋಣೆ ಖಾಲಿ! ಧುಮುಕಿ ಹಿಂಬಾಗಿಲಿಗೆ ಓಡಿದರೆ ಎಲ್ಲ ಮಕ್ಕಳೂ ಒಳಗೆ ಕೂತಿದ್ದಾರೆ, ಟೀಚರ್ ಹಾಜರಿ ಕೂಗುತ್ತಿದ್ದಾಳೆ. ಇನ್ನೊಂದು ದಿನ ಶಾಲೆಯ ಕಟ್ಟಡವನ್ನು ಎಷ್ಟು ಜೋರಾಗಿ ಸುತ್ತಿದೆನೆಂದರೆ, ಮೂಲೆಯಲ್ಲಿ ನನ್ನ ಬೆನ್ನು ನನಗೇ ಕಂಡಿತು. ಯಾರೋ ಕಳ್ಳನೆಂದು ಅಟ್ಟಿಸಿಕೊಂಡು ಹೋದೆ. ಸಿಗಲಿಲ್ಲ. ಒಳ್ಳೆಯ ಓಟಗಾರ.

ಮನೆಯಲ್ಲಿ ಇನ್ನೊಂದು ತಾಪತ್ರಯ. ನನ್ನ ಪ್ಯಾಂಟುಗಳೆಲ್ಲ ಒಂದೊಂದಾಗಿ ದೊಡ್ಡವಾಗತೊಡಗಿದವು.

“ಬೆವೆತ್ಕೊಂಡು ಬರ್ತೀರ, ಹೊಟ್ಟೆ ಇಳಿಸಿದ್ದೀರ, ಬರೀ ಹೊಸ ಟೀಚರ್ ಮಾತೇ ಆಡ್ತೀರ,” ಎಂದಳು ಹೆಂಡತಿ, ತಲೆಯಿಂದ ಕಾಲಿನವರೆಗೆ ಅಳೆಯುತ್ತಾ. “ಏನ್ರೀ ಸಮಾಚಾರ?”

“ಅವಳನ್ನ ಹಿಡೀಬೇಕು ಅಂತ ಓಡಾಡ್ತಿದ್ದೀನಿ ಕಣೇ.”

ಆ ರಾತ್ರಿ ನಾನು ಹೊರಗಡೆ ಬೆಂಚಿನ ಮೇಲೆ ಮಲಗಿದೆ.

ಪರೀಕ್ಷೆ ಹತ್ತಿರ ಬಂತು. ಇನ್ನು ತಡಮಾಡಬಾರದೆಂದು ಅಕ್ಕನ ಬಳಿ ಹೋದೆ. “ಅವಳು ಡ್ರಿಲ್ಲೇ ಮಾಡ್ಸಲ್ಲ. ಒಂದು ಮಗು ಅಲ್ಲಾಡಿದ್ದು ನಾನು ಕಂಡಿಲ್ಲ. ಬಾ, ನೀನೇ ನೋಡು.”

“ನೀನು ಹೋಗು. ನಾನು ಮೇಲಿಂದ ನೋಡ್ತೀನಿ,” ಎಂದು ಅಕ್ಕ ತಾರಸಿ ಹತ್ತಿದಳು.

ಆವತ್ತು ನನ್ನ ಶಕ್ತಿಯನ್ನೆಲ್ಲ ಸುರಿದೆ. ಮುಂದಿನಿಂದ ಹೋದೆ, ಹಿಂದಿನಿಂದ ಬಂದೆ, ನೀರಿನ ತೊಟ್ಟಿಯ ಮರೆಯಲ್ಲಿ ಕುಕ್ಕರಿಸಿದೆ, ಜಿಗಿದೆ. ಒಂದು ಮಗುವೂ ಕಾಣಲಿಲ್ಲ. ತಾರಸಿಯಿಂದ ಏನೋ ವಿಚಿತ್ರ ಸದ್ದು ಬಂತು. ಅಕ್ಕ ನಗುತ್ತಿದ್ದಳು. ಅಕ್ಕ ನಕ್ಕಿದ್ದನ್ನು ಶಾಲೆ ಅಲ್ಲಿಯವರೆಗೆ ಕೇಳಿರಲಿಲ್ಲ. ಗೋಡೆಯ ಎರಡು ಹಲ್ಲಿಗಳು ಅವತ್ತೇ ಜಾಗ ಖಾಲಿ ಮಾಡಿದವು.

ಅಕ್ಕ ನನ್ನನ್ನೂ ಟೀಚರನ್ನೂ ತನ್ನ ಕೋಣೆಗೆ ಕರೆಸಿದಳು.

“ನೀನು ಈ ಮೂಲೆ ತಿರುಗಿದ್ರೆ ಮಕ್ಕಳು ಆ ಮೂಲೆ ತಿರುಗ್ತಿದ್ವು ಕಣೋ,” ಎಂದಳು ಕಣ್ಣೊರೆಸಿಕೊಂಡು. “ನೀನು ತೆವಳಿದ್ರೆ ಅವೂ ನಿನ್ನ ಹಿಂದೆ ತೆವಳ್ತಿದ್ವು. ಆ ಕಪಾಟು ಇದ್ದಾಳಲ್ಲ, ಪಾಗಾರದ ಗೋಡೆ ಹಾರಿದ್ಲು!”

“ಅದೇ ಆಟ ಮೇಡಂ,” ಎಂದಳು ಟೀಚರ್. “ಸಾರ್ ಕಣ್ಣಿಗೆ ಅಲ್ಲಾಡಿದ್ದು ಬಿದ್ರೆ ಔಟ್. ಸದ್ದು ಮಾಡಿದ್ರೂ ಔಟ್. ಇಲ್ಲಿವರ್ಗೂ ಯಾರೂ ಆಗಿಲ್ಲ.”

ಮಕ್ಕಳು ಓಡುತ್ತಿದ್ದವು. ಅಂದರೆ ನಾನು ಮನೆಗೆ.

“ಹಾಗಿದ್ರೆ ತೀರ್ಮಾನ ಆಯ್ತು,” ಎಂದು ಅಕ್ಕ ನನ್ನ ಕಡೆ ತಿರುಗಿದಳು. “ನೀನು ಇನ್ನು—”

“ಅಯ್ಯೋ, ಸಾರ್‌ನ ಕಳಿಸ್ಬೇಡಿ!” ಎಂದಳು ಟೀಚರ್. “ವಾಚ್‌ಮ್ಯಾನ್‌ನ ಇಟ್ಕೊಂಡು ಆಡ್ಸಿ ನೋಡಿದೆ. ಒಂದ್ಸಲ ಇಣುಕಿ, ಚೆನ್ನಾಗಿ ಕೂತಿದ್ದೀರ ಅಂದ್ಬಿಟ್ಟು ಹೊರಟೋದ್ರು. ಇಷ್ಟು ಅನುಮಾನ ಇರೋ ಮನುಷ್ಯ ನಂಗೆ ಇನ್ನೆಲ್ಲೂ ಸಿಗಲ್ಲ ಮೇಡಂ.”

ಅಕ್ಕ ನನ್ನನ್ನು ನೋಡಿದಳು, ಮುಖ್ಯವಾಗಿ ನನ್ನ ಸೊಂಟವನ್ನು. “ಇರು ಹಾಗಿದ್ರೆ. ಇನ್ಮೇಲೆ ಎಲ್ಲಾ ಕ್ಲಾಸೂ ಅವಳದ್ದೇ. ನೀನು ಅನುಮಾನ ಪಡು, ಸಾಕು. ಯಾವತ್ತು ಅವಳನ್ನ ನಂಬ್ತೀಯೋ ಅವತ್ತು ಮನೆಗೆ.”

ಹೀಗೆ ನನ್ನ ಕೆಲಸ ಉಳಿಯಿತು. ಆದರೂ ಅವಳು ಅಷ್ಟು ಸುಲಭವಾಗಿ ನನ್ನ ಪರ ಮಾತಾಡಿದ್ದೇಕೆ ಎಂಬುದು ನನಗಿನ್ನೂ ಬಗೆಹರಿದಿಲ್ಲ. ಅದರಲ್ಲೂ ಏನೋ ಇದೆ.

ನಿನ್ನೆ ಓಡಿ ಸಾಕಾಗಿ, ಉಸಿರು ತೆಗೆದುಕೊಳ್ಳಲು ನನ್ನ ಹಳೆಯ ಕುರ್ಚಿಯ ಮೇಲೆ ಕೂತೆ. ವರಾಂಡ ನಿರ್ಜನ. ಬೆವರು ಹನಿ ಕಣ್ಣಿಗಿಳಿಯಿತೆಂದು ಸುಮ್ಮನೆ ಹುಬ್ಬೆತ್ತಿದೆ. ಬೆನ್ನ ಹಿಂದೆ ಎಷ್ಟೋ ತೋಳುಗಳು ಒಟ್ಟಿಗೆ ಮೇಲೆದ್ದಂತೆ ಸರಕ್ಕನೆ ಗಾಳಿ ಬೀಸಿತು.

ತಿರುಗಿದೆ. ಯಾರೂ ಇಲ್ಲ. ಕಂಬದ ಮರೆಯಲ್ಲಿ ಒಂದು ಜಡೆ ಮಾತ್ರ ತೂಗುತ್ತಿತ್ತು.

ಪ್ಯಾಂಟು ಹಿಡಿದುಕೊಂಡು ಓಡಿದೆ.