ಹೊಲಕ್ಕಿಳಿದ ಬೂಷ್ಟು

ಆ ವರ್ಷ ನಮ್ಮ ಕಮ್ಯೂನಿನಲ್ಲಿ ಹೊಟ್ಟೆ ತುಂಬ ಉಂಡದ್ದು ಬೂಷ್ಟು ಮಾತ್ರ. ನಾವು ಒಣಗೆಣಸು ಅಗಿಯುತ್ತಿದ್ದರೆ ಅದಕ್ಕೆ ಗೆಣಸಿನ ಗಂಜಿ, ಸೋಯಾ ಹಿಟ್ಟು, ಮೇಲೆ ಸಕ್ಕರೆ. ಬಾಣಂತಿಯರಿಗೂ ಸಿಗದ ಸಕ್ಕರೆ ಅದು. ಚೀನಾದ ಷಾನ್‌ಡಾಂಗ್ ಪ್ರಾಂತ್ಯದ ನಮ್ಮ ಸೋಯಾ ಹೊಲಗಳಲ್ಲಿ ಹಳದಿ ದಾರದಂತೆ ಗಿಡ ಸುತ್ತಿ ರಸ ಹೀರುವ ಬಳ್ಳಿಯೊಂದಿದೆ. ಅದಕ್ಕೆ ರೋಗ ಹಚ್ಚುವುದು ಈ ಬೂಷ್ಟಿನ ಕೆಲಸ. ಹಂಡೆಗಳಲ್ಲಿ ಬೆಳೆಸಿ, ನೀರಿಗೆ ಬೆರೆಸಿ, ಸಂಜೆ ಸಿಂಪಡಿಸಿದರೆ ಬಳ್ಳಿ ಕೊಳೆತು ಸಾಯಬೇಕು.

ಸಿಂಪಡಿಸಿದೆವು. ಬಳ್ಳಿ ಮುಖ ತೊಳೆದುಕೊಂಡಂತೆ ಹೊಳೆಯುತ್ತ ಪಕ್ಕದ ಗಿಡಕ್ಕೆ ಹಬ್ಬಿತು. ನಮ್ಮ ತಂಡದ ಸೋಯಾ ಹೋದರೆ ಚಳಿಗಾಲಕ್ಕೆ ಒಂದು ಹನಿ ಎಣ್ಣೆಯೂ ಇಲ್ಲ.

ಬೂಷ್ಟು ಬೆಳೆಸುವ ಮನೆಯ ಮುಖ್ಯಸ್ಥ ಮೋ ಕಂಡುಕೊಂಡ ಮದ್ದು ಇನ್ನಷ್ಟು ಸಕ್ಕರೆ. ಹಂಡೆಯಲ್ಲಿ ಕೋಲು ನೆಟ್ಟಗೆ ನಿಲ್ಲುವಷ್ಟು ಗಂಜಿ ಗಟ್ಟಿಯಾದರೆ ಜಿಲ್ಲೆಯವರು ಕೆಂಪು ಬಾವುಟ ಕೊಡುತ್ತಿದ್ದರು. ಅವನ ಕೋಲು ಕಾವಲುಗಾರನಂತೆ ನಿಲ್ಲುತ್ತಿತ್ತು. ಅಲ್ಲಿನ ತಂತ್ರಜ್ಞೆ ಸೂಚಿಂಗ್ ಬೇರೆಯೇ ಹೇಳಿದಳು. ಹಂಡೆಯಿಂದ ಹಂಡೆಗೆ ಹೆಪ್ಪು ಹಾಕುತ್ತ ಬಂದದ್ದರಿಂದ ಈ ಬೂಷ್ಟು ಬಳ್ಳಿಯ ಮುಖವನ್ನೇ ಕಂಡಿಲ್ಲ, ಕಚ್ಚುವುದನ್ನು ಮರೆತಿದೆ. ಅದನ್ನು ಜೀವಂತ ಬಳ್ಳಿಯ ಮೇಲೆ ಬಿಟ್ಟು, ಎಲ್ಲಿ ಕೊಳೆತ ಕಲೆ ಮೂಡುತ್ತದೋ ಅಲ್ಲಿಂದ ಹೊಸ ಹೆಪ್ಪು ತೆಗೆಯಬೇಕು. ಅಲ್ಲಿಯವರೆಗೆ ಹಂಡೆ ಖಾಲಿ. ಖಾಲಿ ಹಂಡೆಗೆ ಬಾವುಟ ಯಾರು ಕೊಡುತ್ತಾರೆ? ಮೋ ಅವಳ ಬಾಯಿ ಮುಚ್ಚಿಸಿದ.

ನನಗೆ ತಡೆಯಲಾಗಲಿಲ್ಲ. ಕಮ್ಯೂನಿನ ಸಭೆಯಲ್ಲಿ ಎದ್ದು ನಿಂತು ಪಕ್ಷದವರ ಭಾಷೆಯಲ್ಲೇ ಹೇಳಿದೆ: “ಕಾಮ್ರೇಡ್ ಬೂಷ್ಟು ಒಳಗೇ ಕೂತು ಸಕ್ಕರೆ ತಿಂದು ಜನರಿಂದ ದೂರ ಆಗಿದೆ. ಅಧಿಕಾರಿಗಳನ್ನೇ ಹೊಲದ ಕೆಲಸಕ್ಕೆ ಕಳಿಸ್ತಾರೆ. ಇದೇನು ಅವರಿಗಿಂತ ದೊಡ್ಡದಾ?”

ಇದಕ್ಕೆ ಬೇಡ ಅನ್ನುವ ಗಂಡೆದೆ ಯಾರಿಗಿದೆ? ಮೊದಲು ಕೈ ಎತ್ತಿದವನು ಮೋ. ಆದರೆ ಜಿಲ್ಲೆಯವರು ಬಂದು ಹೋಗುವವರೆಗೆ ತಡೆಯೋಣ ಎಂದ. ಅವರು ತಮಗೆ ಬಿಡುವಾದಾಗ ಬಂದರು, ಕೋಲು ನೋಡಿದರು, ಬಾವುಟ ಕೊಟ್ಟರು. ಆಮೇಲೆ ಬೂಷ್ಟು ಹೊಲಕ್ಕಿಳಿಯಿತು. ಸೂಚಿಂಗಳ ಹೊಸ ಗಂಜಿ ತೆಳ್ಳಗಿತ್ತು, ಕೋಲು ದೊಪ್ಪನೆ ಬೀಳುತ್ತಿತ್ತು, ಬಳ್ಳಿ ಮಾತ್ರ ಕಪ್ಪಾಗಿ ಕೊಳೆಯಿತು. ತಡವಾಗಿ ಬಿತ್ತಿದ್ದ ಪಕ್ಕದೂರಿನವರ ಸೋಯಾ ಉಳಿಯಿತು. ನಮ್ಮದು ಅಷ್ಟರಲ್ಲೇ ಒಣಕಡ್ಡಿಯಾಗಿತ್ತು.

ಬೂಷ್ಟು ಕೆಳಗಿಳಿದರೆ ಮೋ ಮೇಲೇರಿದ. ಬೂಷ್ಟನ್ನು ಜನರ ನಡುವೆ ಕಳಿಸಿದ ಮಹಾನುಭಾವ ಎಂದು ಜಿಲ್ಲೆಗೆ ಬಡ್ತಿ. ಚಳಿಗಾಲದಲ್ಲಿ ನಮ್ಮೂರಿಗೇ ಬಂದು ಅದರ ಬಗ್ಗೆ ಭಾಷಣ ಬಿಗಿದ. ನಾವು ಚಪ್ಪಾಳೆ ತಟ್ಟಿದೆವು. ಬಂದ ಅಧಿಕಾರಿಗೆ ಊಟ ಹಾಕುವ ಸರದಿ ಅಂದು ನನ್ನ ಮನೆಯದು. ಬರೀ ನೀರಿನಲ್ಲಿ ಬೇಯಿಸಿದ ಎಲೆಕೋಸನ್ನು ಅವನ ಮುಂದಿಟ್ಟೆ.

“ಏನು ಅತ್ತಿಗೆ, ಎಣ್ಣೆ ಹಾಕೋದೇ ಮರೆತ್ರಾ?”

“ಮರೆತಿಲ್ಲ ಮುಖ್ಯಸ್ಥರೇ. ನೀವು ಕೋಲು ನಿಲ್ಲಿಸ್ತಾ ಇದ್ರಲ್ಲ, ಆಗ ಬಳ್ಳಿ ಕುಡಿದುಬಿಡ್ತು.”

ಅವನು ತಲೆ ತಗ್ಗಿಸಿ ಬಟ್ಟಲು ಖಾಲಿ ಮಾಡಿದ. ಬೇಕೇ ಎಂದು ಕೇಳದೆಯೇ ನಾನು ಅದನ್ನೇ ಇನ್ನೊಂದು ಸೌಟು ಬಡಿಸಿದೆ.