ಹೊನ್ನೆಮರದ ಬುಡದ ಕಂಬ

ದಾಸ ತಾಂಡೇಲನಿಗೆ ಸರಕಾರದ ಮೇಲೆ ನಂಬಿಕೆ ಹುಟ್ಟಿದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಒಂದು ಕಬ್ಬಿಣದ ಕಂಬ ನೋಡಿ. ಆ ನಂಬಿಕೆಯೇ ಅವನ ಮನೆ ಹಾಳು ಮಾಡಿತು.

ಅಪ್ಸರಕೊಂಡದ ಗುಡ್ಡದ ಕೆಳಗೆ, ಸಮುದ್ರಕ್ಕೆ ಬೆನ್ನು ಹಾಕಿಕೊಂಡ ನಾಲ್ಕಾರು ಗುಡಿಸಲುಗಳಲ್ಲಿ ಅವನದೂ ಒಂದು. ಭಟ್ಕಳದ ಕಡೆಯಿಂದ ಹೊನ್ನಾವರಕ್ಕೆ ಬರುವ ರಸ್ತೆ ಅಲ್ಲಿ ಚಿರೆಕಲ್ಲಿನ ಗುಡ್ಡ ಕಡಿದು ಇಳಿಯುತ್ತದೆ. ಇಳಿದು ಇಳಿದು, ಇನ್ನೇನು ಊರು ಬಂತು ಎನ್ನುವಾಗ ಗಕ್ಕನೆ ತಿರುಗುತ್ತದೆ. ಆ ತಿರುವಿನಲ್ಲೇ ದಾಸನ ಮಗ ದುರ್ಗ ಸತ್ತದ್ದು. ಬಲೆ ಹೊತ್ತುಕೊಂಡು ಮನೆಗೆ ಬರುತ್ತಿದ್ದವನನ್ನು ಒಂದು ಲಾರಿ ಹೊಡೆದು ಹೋಯಿತು. ಯಾವ ಲಾರಿ, ಯಾರ ಲಾರಿ, ದೇವರಿಗೇ ಗೊತ್ತು. ನಿಲ್ಲಿಸುವ ಸೌಜನ್ಯ ಇದ್ದಿದ್ದರೆ ಗೊತ್ತಾಗುತ್ತಿತ್ತು.

ಮಗ ಸತ್ತ ಮೇಲೆ ಮುದುಕನಿಗೆ ಉಳಿದದ್ದು ಒಂದೇ ಚಿಂತೆ. ಸೊಸೆ ಕಮಲಿ ದಿನಾ ಅದೇ ತಿರುವು ದಾಟಿ ಮೀನು ಮಾರಲು ಹೋಗಬೇಕಿತ್ತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ, ಬೇರೆ ದಾರಿಯೇ ಇಲ್ಲ. ಮಾವಿನಕುರ್ವೆಯ ತವರಿನವರು ಬಂದು ಕರೆದರೂ ಅವಳು ಹೋಗಲಿಲ್ಲ. "ಅತ್ತೆ ಮಾವನ್ನ ಬಿಟ್ಟು ಎಲ್ಲಿಗೆ ಬರುದು?" ಎಂದು ಅಣ್ಣನನ್ನು ಊಟ ಹಾಕಿ ಕಳಿಸಿದಳು. ಅವಳು ಬುಟ್ಟಿ ಹೊತ್ತು ಹೊರಟಳೆಂದರೆ, ವಾಪಸು ಬರುವವರೆಗೆ ದಾಸನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೆಂಡತಿ ಗಂಗೆ ಬೈಯುತ್ತಿದ್ದಳು. ಬೈದು, ತಾನೂ ಅಂಗಳಕ್ಕೆ ಬಂದು ರಸ್ತೆ ನೋಡುತ್ತಿದ್ದಳು.

ಆ ತಿರುವಿಗೆ ಏನಾದರೂ ಮಾಡಿ ಎಂದು ಎರಡು ವರ್ಷ ದಾಸ ಕಂಡಕಂಡವರ ಕಾಲು ಹಿಡಿದ. ಕಡೆಗೆ ಸಾವಿರದ ಒಂಬೈನೂರ ಅರವತ್ತೈದರ ಬೇಸಿಗೆಯಲ್ಲಿ, ರಸ್ತೆಯ ಓವರ್ಸಿಯರ್ ಮಹಾಗಣಪತಿ ಹೆಗಡೆ ಕುಮಟೆಯಿಂದ ಜೀಪಿನಲ್ಲಿ ಬಂದ. ಹಿಂದೆ ಲಾರಿಯಲ್ಲಿ ಕೂಲಿಯವರು, ಒಂದು ಕಂಬ, ಅದರ ತಲೆಗೆ ಕೆಂಪು ತ್ರಿಕೋನ, ಅದರ ಅಡಿಗೆ ಬಾಗಿದ ಕಪ್ಪು ಗೆರೆ ಬರೆದ ಹಲಗೆ.

"ಇದ್ರಲ್ಲಿ ಅಕ್ಷರವೇ ಇಲ್ವಲ್ಲ ಒಡೆಯಾ," ಎಂದ ದಾಸ.

"ಅಕ್ಷರ ಯಾಕೆ? ನಿಂಗೆ ಓದ್ಲಿಕ್ಕೆ ಬರ್ತದಾ?" ಹೆಗಡೆ ನಕ್ಕ. "ಜಿನೀವಾ ಅಂತ ಒಂದು ಊರು, ಸಮುದ್ರದಾಚೆ. ಅಲ್ಲಿ ಹತ್ತಾರು ದೇಶದವರು ಒಟ್ಟಿಗೆ ಕೂತು ಕರಾರು ಮಾಡಿದಾರೆ. ರಸ್ತೆ ಮೇಲೆ ಸಾಯೋರು ಎಲ್ಲ ದೇಶದಲ್ಲೂ ಜಾಸ್ತಿ ಆದ್ರಲ್ಲ, ಅದಕ್ಕೆ. ಯಾವ ಭಾಷೆಯವನೇ ಆಗ್ಲಿ, ಈ ಕೆಂಪು ಮೂರು ಮೂಲೆ ಕಂಡ್ರೆ ಮುಂದೆ ಅಪಾಯ ಅಂತ ತಿಳ್ಕೊಳ್ಬೇಕು. ನಮ್ಮ ದೇಶವೂ ಆ ಕರಾರಿಗೆ ಸೇರಿದೆ."

ದಾಸನಿಗೆ ಇದು ಥಟ್ಟನೆ ಹಿಡಿಸಿತು. ಪ್ರಾಯದಲ್ಲಿ ಮಚ್ವೆ ಎಂಬ ಹಾಯಿದೋಣಿಯ ಮೇಲೆ ಹೆಂಚು ಹೇರಿಕೊಂಡು ಮುಂಬಯಿಗೆ ಹೋಗಿ ಬಂದವನು ಅವನು. ಸಮುದ್ರದಲ್ಲಿ ಎಲ್ಲಿಯ ಹಡಗೇ ಬರಲಿ, ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಅಂಥ ಬುದ್ಧಿ ನೆಲದವರಿಗೆ ಈಗ ಬಂತಲ್ಲ ಎಂದು ಅವನಿಗೆ ಹೆಮ್ಮೆಯೇ ಆಯಿತು. ತನ್ನ ದುರ್ಗನಂಥವರಿಗಾಗಿ ಎಲ್ಲಿಯೋ ದೊಡ್ಡವರು ಕೂತು ಮಾತಾಡಿದ್ದಾರೆ ಎಂಬುದನ್ನು ನೆನೆದು ಕಣ್ಣು ಒರೆಸಿಕೊಂಡ.

ಆದರೆ ಹೆಗಡೆಯ ಜೀಪು ಹೋದ ಮೇಲೆ ಕೂಲಿಯವರು ಕಂಬ ನೆಟ್ಟದ್ದು ತಿರುವಿನಲ್ಲಲ್ಲ. ಮೇಲೆ, ಭಟ್ಕಳದ ಕಡೆಗೆ, ಇಳಿಜಾರು ಶುರುವಾಗುವ ಹೊನ್ನೆಮರದ ಬುಡದಲ್ಲಿ. ಅಲ್ಲಿಂದ ತಿರುವು ಕಣ್ಣಿಗೂ ಬೀಳುವುದಿಲ್ಲ. ಮಧ್ಯಾಹ್ನದ ಬಿಸಿಲು ಬೇರೆ. ಕೂಲಿಯವರಿಗೆ ನೆರಳು ಸಿಕ್ಕಿತು, ಕಂಬಕ್ಕೆ ಜಾಗ ಸಿಕ್ಕಿತು ಎಂದು ದಾಸ ಅರ್ಥ ಮಾಡಿಕೊಂಡ.

ದಾಸ ಮುಂದೆ ಮಾಡಿದ್ದಕ್ಕೆ ಅವನ ಮೇಲೆ ಸಿಟ್ಟು ಮಾಡುವ ಮೊದಲು ಒಂದು ಮಾತು ತಿಳಿದಿರಬೇಕು. ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ ನೀರಿನಡಿ ಬಂಡೆಗಳಿವೆ. ಮಳೆಗಾಲ ಮುಗಿದ ಕೂಡಲೇ ಅಲ್ಲಿ ಗಳ ನೆಟ್ಟು ತುದಿಗೆ ಬಟ್ಟೆ ಕಟ್ಟುವ ಕೆಲಸ ಮುಂಚಿನಿಂದಲೂ ದಾಸನ ಮನೆಯದು. ಗಳ ನೆಡುವುದು ಬಂಡೆಯ ಮೇಲೆಯೇ. ಎಲ್ಲಿ ಗಳವೋ ಅಲ್ಲಿ ಸಾವು, ಅದನ್ನು ಬಿಟ್ಟು ನಡೆಸು ಎಂದು ಲೆಕ್ಕ. ಬಂಡೆ ಒಂದು ಕಡೆ, ಗಳ ಒಂದು ಕಡೆ ಇದ್ದರೆ ದೋಣಿ ಒಡೆದು ಹೋಗುತ್ತದೆ. ಬಯಲು ನೀರಿನಲ್ಲಿ ಗಳ ಬಲು ದೂರದಿಂದ ಕಾಣುತ್ತದೆ, ದೋಣಿಯೂ ನಿಧಾನ. ಆ ಕಣ್ಣಿನಿಂದಲೇ ಅವನು ರಸ್ತೆಯನ್ನು ನೋಡಿದ್ದು.

"ಬಂಡೆ ಇಲ್ಲಿ, ಗಳ ಅಲ್ಲಿ. ಇವ್ರಿಗೆ ಯಾರು ಕಲ್ಸಿದ್ದು ಇದ್ನ?" ಎಂದ ದಾಸ ಪಕ್ಕದ ಮನೆಯ ಸುಕ್ರನ ಹತ್ತಿರ.

"ಎಂತ ಮಾಡುದು ದಾಸಣ್ಣ?"

"ನಾವೇ ತಂದು ನೆಡುದು. ಮತ್ತೆಂತ?"

ಮಳೆಗಾಲಕ್ಕೆ ಇನ್ನು ಸ್ವಲ್ಪವೇ ದಿನ ಇತ್ತು. ಒಂದು ಬೆಳಿಗ್ಗೆ ದಾಸ, ಸುಕ್ರ, ಇನ್ನಿಬ್ಬರು ಸೇರಿ ಕಂಬ ಕಿತ್ತು ಹೊತ್ತು ತಂದರು. ಕದ್ದುಮುಚ್ಚಿ ಮಾಡಲಿಲ್ಲ, ಒಳ್ಳೆಯ ಕೆಲಸಕ್ಕೆ ಅಂಜಿಕೆ ಯಾಕೆ? ದುರ್ಗನ ರಕ್ತ ಚೆಲ್ಲಿದ ಜಾಗದಲ್ಲೇ ಗುಂಡಿ ತೋಡಿದರು. ಕಮಲಿ ಕಂಬವನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದುಕೊಂಡಳು, ದಾಸ ಸುತ್ತ ಕಲ್ಲು ಹಾಕಿ ಜಡಿದ. ಗಂಗೆ ಕುಂಕುಮ ಹಚ್ಚಿ ದಾಸವಾಳ ಇಟ್ಟಳು.

"ಆತು ಮಾವ," ಎಂದಳು ಕಮಲಿ, ಕೈಯ ಮಣ್ಣು ಕೊಡವುತ್ತ. "ಇನ್ನು ಇಲ್ಲಿ ಯಾರೂ ಸಾಯುದಿಲ್ಲ."

ಆ ದಿನ ಅವಳು ಬುಟ್ಟಿ ಹೊತ್ತು ಹೋದಾಗ ದಾಸ ಮನೆಯಲ್ಲಿ ಕೂತು ಬಲೆ ನೇಯ್ದ. ಎರಡು ವರ್ಷದಲ್ಲಿ ಅಷ್ಟು ನೆಮ್ಮದಿಯಿಂದ ಅವನು ಕೂತದ್ದೇ ಇಲ್ಲ.

ಆ ವಾರದ ಕೊನೆಗೇ ಮಳೆ ಹಿಡಿಯಿತು. ಮಳೆಗಾಲಕ್ಕೆ ಒಣಮೀನು ಕೂಡಿಡುವವರು ಇನ್ನೂ ಇದ್ದರು. ಇವತ್ತೊಂದು ದಿನ ಹೋಗಿ ಬರುತ್ತೇನೆ ಎಂದು ಕಮಲಿ ಬುಟ್ಟಿಗೆ ಓಲೆ ಮುಚ್ಚಿ ಹೊರಟಳು. ಸ್ವಲ್ಪ ಹೊತ್ತಿಗೆ ರಸ್ತೆಯ ಕಡೆಯಿಂದ ಬ್ರೇಕಿನ ಕೂಗು ಕೇಳಿತು. ದಾಸ ಓಡಿದ. ಲಾರಿ ಗುಡ್ಡಕ್ಕೆ ಮೂತಿ ತಿವಿದು ನಿಂತಿತ್ತು. ಕಂಬ ಅಲ್ಲೇ ನೆಟ್ಟಗೆ ನಿಂತಿತ್ತು, ಅದರ ಬುಡದಲ್ಲಿ ಕಮಲಿ ಬಿದ್ದಿದ್ದಳು.

ಈ ಲಾರಿಯವನು ಓಡಿಹೋಗಲಿಲ್ಲ. ಹೆಬಳೆಯ ರಮಾಕಾಂತ ನಾಯ್ಕ, ಮೀಸೆ ಆಗಷ್ಟೇ ಕಪ್ಪಾದ ಹುಡುಗ, ಡ್ರೈವರ್ ಆಗಿ ವರ್ಷವೂ ಆಗಿರಲಿಲ್ಲ. ಅವನೇ ಕಮಲಿಯನ್ನು ಎತ್ತಿ ಲಾರಿಯಲ್ಲಿ ಮಲಗಿಸಿದ. ಆಸ್ಪತ್ರೆ ಹೊಳೆಯಾಚೆ ಹೊನ್ನಾವರದಲ್ಲಿ, ಶರಾವತಿಗೆ ಆಗ ಸೇತುವೆ ಇಲ್ಲ. ಹೊಳೆ ದಾಟುವ ತಾರಿಗೆ ಬಂದರೆ ಲಾರಿ ದಾಟಿಸುವ ದೋಣಿ ಆಚೆ ದಡದಲ್ಲಿ. ಹೊಳೆಗೆ ಕೆಂಪು ನೀರು ಬಂದಿತ್ತು. ರಮಾಕಾಂತ ಮೊಣಕಾಲು ನೀರಿಗಿಳಿದು ದೋಣಿಯವರನ್ನು ಕೂಗಿದ, ಕೈ ಬೀಸಿದ, ಗಂಟಲು ಹರಿದು ಹೋಗುವ ಹಾಗೆ ಕೂಗಿದ. ಕಮಲಿಯ ತಲೆ ದಾಸನ ತೊಡೆಯ ಮೇಲಿತ್ತು. ದೋಣಿ ಹೊಳೆಯ ನಡುವೆ ಬರುತ್ತಿದ್ದಾಗ ಅವಳ ಉಸಿರು ನಿಂತಿತು.

"ನಂಗೆ ಈ ರಸ್ತೆ ಹೊಸ್ತು," ಎಂದ ರಮಾಕಾಂತ, ಅಳುತ್ತ. "ಹೋದ ಸಲ ಬಂದಾಗ ಒಂದು ಮರದ ಹತ್ರ ಬೋರ್ಡಿತ್ತು. ಅದ್ನ ಕಂಡೇ ನಿಧಾನ ಮಾಡಿದ್ದೆ. ಇವತ್ತು ಮಳೆಗೆ ಎಂತದೂ ಕಾಣುದಿಲ್ಲ. ಬೋರ್ಡು ಬರ್ಲಿ, ಬಂದ ಮೇಲೆ ತಿರುವು ಅಂತ ಕಾಯ್ತಾ ಬಂದೆ. ಬೋರ್ಡು ಬರ್ಲೇ ಇಲ್ಲ. ಬೋರ್ಡು ಕಾಣುದೂ ಇವ್ರು ಕಾಣುದೂ ಒಟ್ಟಿಗೇ ಆತು."

ದಾಸ ಕಮಲಿಯ ಮುಖದ ಮೇಲಿನ ಮಳೆನೀರು ಒರೆಸಿದ. ಹೊಳೆ ನೋಡುತ್ತ ಕೂತ.

ಅವನು ಸೊಸೆಯ ಹೆಣದೊಂದಿಗೆ ಊರಿಗೆ ಬಂದಾಗ ತಿರುವಿನಲ್ಲಿ ಕಂಬ ಇರಲಿಲ್ಲ. ಗುಂಡಿಗೆ ಕಲ್ಲು ಮಣ್ಣು ತುಂಬಿತ್ತು. ಪೊಲೀಸರು ಬರುವ ಮೊದಲೇ ಸುಕ್ರ ಮತ್ತಿಬ್ಬರು ಕಂಬವನ್ನು ಹೊನ್ನೆಮರದ ಬುಡಕ್ಕೆ ಸೇರಿಸಿದ್ದರು. ಸರಕಾರದ ಕಂಬ ಕಿತ್ತವನೆಂದು ದಾಸಣ್ಣನಿಗೆ ಕೋಳ ಬಿದ್ದರೆ ಗತಿಯೇನು ಎಂದು ಅವರಿಗೆ ದಿಗಿಲು. ಪಂಚನಾಮೆಯ ಹೊತ್ತಿಗೆ ಕಂಬ ಇರಬೇಕಾದಲ್ಲಿಯೇ ಇತ್ತು, ಡ್ರೈವರನ ಮಾತು ಹಸಿ ಸುಳ್ಳಾಗಿತ್ತು.

ರಮಾಕಾಂತನ ಮೇಲೆ ಕೇಸು ಹೂಡಿದರು. ದಾಸನಿಗೂ ಸಾಕ್ಷಿಗೆ ಕರೆ ಬಂತು.

"ನೀವು ಬಾಯಿ ಬಿಡ್ಬೇಡಿ," ಎಂದಳು ಗಂಗೆ. "ಮಗ ಹೋದ, ಸೊಸೆ ಹೋದ್ಲು. ನೀವೂ ಜೈಲಿಗೆ ಹೋದ್ರೆ ನಾ ಯಾರ ಮುಖ ನೋಡುದು?"

"ಆ ಹುಡ್ಗ ಸುಳ್ಳು ಹೇಳ್ಲಿಲ್ಲ ಗಂಗೆ."

"ಅವನು ಗುದ್ದಿದ್ದು ಸುಳ್ಳಾ?"

ದಾಸ ಎದ್ದು ಅಂಗಳಕ್ಕೆ ಹೋದ. ಆದರೂ ಒಂದು ಆಸೆ ಅವನ ಒಳಗೆ ಇನ್ನೂ ಅಂಟಿಕೊಂಡಿತ್ತು. ಕಂಬ ಎಲ್ಲಿದ್ದರೇನು, ಅಂಥ ಮಳೆಯಲ್ಲಿ ಆಗುವುದು ಆಗಿಯೇ ಆಗುತ್ತಿತ್ತು ಎಂಬ ಆಸೆ. ಮನುಷ್ಯ ಮುಳುಗುವಾಗ ಹಿಡಿದುಕೊಳ್ಳುವುದು ಇಂಥವನ್ನೇ.

ಕೋರ್ಟಿನಲ್ಲಿ ಆ ಆಸೆಯನ್ನು ಕಿತ್ತವನು ಓವರ್ಸಿಯರ್ ಹೆಗಡೆ. ಫಲಕವನ್ನು ತಿರುವಿನಲ್ಲಿ ನೆಡದೆ ಅಷ್ಟು ದೂರ ಯಾಕೆ ನೆಟ್ಟಿರಿ ಎಂದು ಡ್ರೈವರನ ಪರ ವಕೀಲರು ಕೇಳಿದರು. "ಅದೂ ಕರಾರಿನ ಪ್ರಕಾರವೇ," ಎಂದ ಹೆಗಡೆ. "ಫಲಕ ಅಪಾಯಕ್ಕೆ ಸಾಕಷ್ಟು ಹಿಂದೆಯೇ ಇರಬೇಕು. ಅಪಾಯದ ಜಾಗದಲ್ಲೇ ನೆಟ್ಟರೆ ಕಂಡೇನು ಪ್ರಯೋಜನ? ಓಡುವ ಗಾಡಿ ನಿಧಾನವಾಗಲಿಕ್ಕೆ ರಸ್ತೆ ಬೇಕಲ್ಲ." ಅಷ್ಟು ಸಣ್ಣ ಮಾತು. ಆ ದಿನ ಜೀಪು ಹತ್ತುವ ಮೊದಲು ಅದನ್ನು ಆಡಲು ಅವನಿಗೆ ಪುರುಸೊತ್ತಿರಲಿಲ್ಲ, ಕೇಳಲು ದಾಸನಿಗೆ ತೋಚಲಿಲ್ಲ.

ದಾಸನ ಸರದಿ ಬಂತು. ಅವನು ಕಟಕಟೆಯ ಕಂಬಿ ಹಿಡಿದುಕೊಂಡು ಎಲ್ಲವನ್ನೂ ಹೇಳಿದ. ಕಿತ್ತದ್ದು, ಹೊತ್ತದ್ದು, ಕಮಲಿ ಹಿಡಿದುಕೊಂಡದ್ದು, ತಾನು ಕಲ್ಲು ಜಡಿದದ್ದು.

ಸರಕಾರಿ ವಕೀಲರು ಕನ್ನಡಕ ತೆಗೆದರು. "ಹಾಗಾದರೆ ನಿನ್ನ ಸೊಸೆಯನ್ನು ಕೊಂದವನು ನೀನು ಅಂತೀಯಾ?"

"ಹೌದು ಒಡೆಯಾ."

ಸುಕ್ರನನ್ನು ಕರೆಸಿದರು. ಸುಕ್ರ ದಾಸನ ಕಡೆ ನೋಡಲಿಲ್ಲ. ಕಂಬವನ್ನು ಯಾರೂ ಮುಟ್ಟಿಲ್ಲ, ಸೊಸೆ ಸತ್ತ ಮೇಲೆ ದಾಸಣ್ಣನಿಗೆ ತಲೆ ಸಮ ಇಲ್ಲ ಎಂದ. ದಾಸನನ್ನು ಉಳಿಸಲೆಂದೇ ಅಂದ ಮಾತು ಅದು. ಮುದುಕನಿಗೆ ತಲೆ ಕೆಟ್ಟಿಲ್ಲ, ಲಾರಿ ಮಾಲಕರು ಕಿಸೆ ತುಂಬಿಸಿದ್ದಾರೆ ಎಂದರು ಸರಕಾರಿ ವಕೀಲರು. ಸೊಸೆಯ ಹೆಣ ಮಾರಿಕೊಂಡವನು ಎಂದು ಹಿಂದಿನ ಬೆಂಚಿನಲ್ಲಿ ಯಾರೋ ಆಡಿಕೊಂಡರು. ಆ ಮಾತು ದಾಸನ ಕಿವಿಗೂ ಬಿತ್ತು.

ಮುದುಕನ ಹೇಳಿಕೆ ನಂಬತಕ್ಕದ್ದಲ್ಲ ಎಂದು ತೀರ್ಪಾಯಿತು. ಫಲಕವನ್ನು ಲೆಕ್ಕಿಸದೆ ಅತಿವೇಗದಿಂದ ಬಂದನೆಂದು ರಮಾಕಾಂತನಿಗೆ ಜೈಲು. ಪೊಲೀಸರು ಕರೆದೊಯ್ಯುವಾಗ ಅವನು ದಾಸನ ಎದುರು ನಿಂತ.

"ತಾಂಡೇಲ್ರೆ, ನಾ ಸುಳ್ಳು ಹೇಳ್ಲಿಲ್ಲ ಅಂತ ನಿಮಗೊಬ್ರಿಗೆ ಗೊತ್ತು. ಹೆಬಳೆಗೆ ಹೋಗಿ ನಮ್ಮಮ್ಮಂಗೆ ಹೇಳಿ."

ದಾಸ ಹೋದ. ರಮಾಕಾಂತನ ತಾಯಿ ಸೀತೆ ಗದ್ದೆಯ ಕೆಲಸ ಬಿಟ್ಟು ಬಂದು, ಕೇಳಿ, ಒಂದು ಚೆಂಬು ನೀರು ಮತ್ತು ಬೆಲ್ಲ ತಂದಿಟ್ಟಳು. ಕಾಲಿನ ಕೆಸರು ಕೆರೆಯುತ್ತ ಕೂತಳು.

"ಕೋರ್ಟು ನಂಬ್ಲಿಲ್ಲ," ಎಂದಳು ಕಡೆಗೆ. "ನಾ ನಂಬಿ ಎಂತ ಆಗ್ಬೇಕು?"

ಅವಳು ಬೈದಿದ್ದರೆ ಚೆನ್ನಾಗಿತ್ತು. ದಾಸ ನೀರು ಕುಡಿಯಲಾರದೆ ಎದ್ದು ಬಂದ.

ವಾಪಸಾಗುವಾಗ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಸಿಕ್ಕಿತು. ಆಯುಷ್ಯವಿಡೀ ಆ ರಸ್ತೆಯ ಅಂಚಿನಲ್ಲಿ ನಡೆದವನು, ಡ್ರೈವರ್ ಕಾಣುವ ಹಾಗೆ ಅದನ್ನು ಕಂಡದ್ದು ಅದೇ ಮೊದಲು. ಮಳೆ ಸುರಿಯುತ್ತಿತ್ತು. ಗಾಜಿನಾಚೆ ಗುಡ್ಡ, ಗಿಡ, ಮತ್ತೆ ಗುಡ್ಡ, ಎಲ್ಲ ಒಂದೇ ಬಣ್ಣ. ಎಲ್ಲಿದ್ದೇವೆ ಎಂದು ಅವನಿಗೇ ತಿಳಿಯಲಿಲ್ಲ. ಆಮೇಲೆ ಹೊನ್ನೆಮರದ ಬುಡದಲ್ಲಿ ಕೆಂಪು ಕಂಡಿತು. ಡ್ರೈವರ್ ಬೀಡಿ ಎಸೆದು ಗೇರು ಇಳಿಸಿದ. ಬಸ್ಸು ನರಳುತ್ತ ನಿಧಾನವಾಯಿತು, ಇನ್ನೂ ನಿಧಾನವಾಯಿತು. ತಿರುವಿಗೆ ಬರುವ ಹೊತ್ತಿಗೆ ಜೊತೆಗೆ ನಡೆದು ಹೋಗಬಹುದಾದಷ್ಟು ನಿಧಾನವಾಗಿತ್ತು.

ತಿರುವಿನಲ್ಲಿ ಒಬ್ಬಳು ಹೆಂಗಸು ತಲೆಯ ಮೇಲೆ ಬುಟ್ಟಿ ಹೊತ್ತು ಹೋಗುತ್ತಿದ್ದಳು. ಡ್ರೈವರ್ ಒಂದು ಸಲ ಹಾರ್ನ್ ಒತ್ತಿದ. ಅವಳು ಅಂಚಿಗೆ ಸರಿದು ನಿಂತು ಬಸ್ಸಿಗೆ ದಾರಿ ಬಿಟ್ಟಳು. ಕಮಲಿಯ ಬುಟ್ಟಿ ಅದು. ಹೊತ್ತವಳು ಗಂಗೆ. ಬಸ್ಸು ಅವಳ ಪಕ್ಕದಲ್ಲೇ, ಸೆರಗಿಗೂ ತಾಗದಂತೆ ಹಾದುಹೋಯಿತು. ದಾಸ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ.

"ಎಂತ ಆತು ಅಜ್ಜ?" ಎಂದು ಕಂಡಕ್ಟರ್ ಕೇಳಿದ.

"ಎಂತದೂ ಆಗ್ಲಿಲ್ಲ," ಎಂದ ದಾಸ.